ಐಡಿಯಾ ಮೊದಲ ದಿನವೇ ಮುಗಿಯದಿರಲಿ: ಆ್ಯಪ್ ವಿನ್ಯಾಸದ ಪ್ರತಿ ಸುತ್ತಿನಲ್ಲೂ ಸೃಜನಶೀಲ ಚಿಂತನೆ ಬಳಸುವ ಬಗೆ

ಆ್ಯಪ್ ಮಾಡುವ ತಂಡಗಳಲ್ಲಿ ನಾನು ಪದೇ ಪದೇ ನೋಡುವ ದೃಶ್ಯ ಇದು. ಪ್ರಾಜೆಕ್ಟ್ ಶುರುವಾದ ದಿನ ಗೋಡೆ ತುಂಬ ಹಳದಿ ಚೀಟಿ, ಬೋರ್ಡ್ ತುಂಬ ಬಾಣದ ಗುರುತು, ಮಧ್ಯಾಹ್ನಕ್ಕೆ ಬಿರಿಯಾನಿ. ಮರುದಿನದಿಂದ ಆ ಚೀಟಿಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಎರಡು ತಿಂಗಳು ಬಿಟ್ಟು ಜನರ ಕೈಗೆ ಆ್ಯಪ್ ಕೊಟ್ಟರೆ ಅವರು ತಡವರಿಸುತ್ತಾರೆ. ತಂಡ ಬಟನ್ನಿನ ಬಣ್ಣ ಬದಲಾಯಿಸುತ್ತದೆ. ಮತ್ತೆ ತಡವರಿಸುತ್ತಾರೆ. ಅಕ್ಷರ ದಪ್ಪ ಮಾಡುತ್ತದೆ. ಇದಕ್ಕೆ ಮೂರನೇ ಆವೃತ್ತಿ ಅಂತ ಹೆಸರು ಬೇರೆ.

ಎಡವುವುದು ಎಲ್ಲರೂ ಒಂದೇ ಕಡೆ. ಹೊಸದಾಗಿ ಯೋಚಿಸುವ ಕೆಲಸವನ್ನು ಶುರುವಿಗಷ್ಟೇ ಇಟ್ಟುಕೊಂಡು, ಆಮೇಲಿನದ್ದೆಲ್ಲ ಬರೀ ರಿಪೇರಿ ಅಂದುಕೊಳ್ಳುತ್ತಾರೆ. ಸುತ್ತು ಸುತ್ತಾಗಿ ಮಾಡುವ ವಿನ್ಯಾಸದಲ್ಲಿ ಹಿಂದಿನ ಪರೀಕ್ಷೆಯಲ್ಲಿ ಏನು ಮುರಿದುಬಿತ್ತೋ ಅದೇ ಮುಂದಿನ ಸುತ್ತಿನ ಪ್ರಶ್ನೆ. ಯಾವ ತಂತ್ರ ಬಳಸಬೇಕು ಅನ್ನುವುದನ್ನು ಆ ಪ್ರಶ್ನೆಯೇ ಹೇಳುತ್ತದೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಪ್ರತಿ ತಂತ್ರವೂ ಆಟದ ಹಾಗೆ ಕಾಣುತ್ತದೆ.

ಉದಾಹರಣೆಗೆ ನಾನೇ ಕೆಲಸ ಮಾಡಿದ ಒಂದು ಸಣ್ಣ ಆ್ಯಪನ್ನು ಇಟ್ಟುಕೊಳ್ಳುತ್ತೇನೆ. ಮಂಡ್ಯ ಕಡೆಯ ಹಳ್ಳಿಯೊಂದರಲ್ಲಿ ಡೇರಿಗೆ ಹಾಲು ಹಾಕುವವರಿಗೆ ಮಾಡಿದ್ದು: ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್ಎನ್ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು, ಬಟವಾಡೆಗೆ ಎಷ್ಟು ದುಡ್ಡು ಸೇರಿತು.

ಶುರು ಮಾಡುವ ಮೊದಲು ಕೈಯಲ್ಲಿ ಏನಿರಬೇಕು

ಎ4 ಹಾಳೆ ಒಂದು ಕಟ್ಟು. ದಪ್ಪ ಮೊನೆಯ ಸ್ಕೆಚ್ ಪೆನ್. ಬಾಲ್ ಪೆನ್ ಕೊಟ್ಟರೆ ಜನ ಐಕಾನ್ ಬಿಡಿಸುತ್ತಾ ಕೂರುತ್ತಾರೆ, ದಪ್ಪ ಪೆನ್ನಿನಲ್ಲಿ ಅದು ಆಗುವುದಿಲ್ಲ. ಎಲ್ಲರಿಗೂ ಕಾಣುವ ಹಾಗೆ ಒಂದು ಟೈಮರ್. ನಾಲ್ಕರಿಂದ ಆರು ಜನ, ಅವರಲ್ಲಿ ಒಬ್ಬರಾದರೂ ಕೋಡ್ ಬರೆಯುವವರು, ಒಬ್ಬರಾದರೂ ಬಳಸುವವರ ಜೊತೆ ದಿನಾ ಮಾತಾಡುವವರು. ಗಾಜು ಒಡೆದ ಒಂದು ಹಳೆಯ ಆಂಡ್ರಾಯ್ಡ್ ಫೋನ್. ಕೊನೆಗೆ, ಹಾಳೆಗಳನ್ನೆಲ್ಲ ಹಾಕಿಡಲು ಒಂದು ಚಪ್ಪಲಿ ಡಬ್ಬ.

ಫಿಗ್ಮಾ, ಪೆನ್‌ಪಾಟ್‌ನಂಥ ಪರದೆ ವಿನ್ಯಾಸದ ಸಾಫ್ಟ್‌ವೇರ್ ಯಾವುದನ್ನೂ ಐದನೇ ಹಂತದ ತನಕ ತೆರೆಯಬೇಡಿ. ಒಮ್ಮೆ ಅಚ್ಚುಕಟ್ಟಾದ ಚೌಕಗಳು ಪರದೆ ಮೇಲೆ ಬಂದವೆಂದರೆ ಅವನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಂತ 1: ನೋಡಿ, ಆಮೇಲೆ ಪ್ರಶ್ನೆ ಬರೆಯಿರಿ

ಆಫೀಸಿನಲ್ಲಿ ಕೂತು ಪ್ರಶ್ನೆ ಬರೆದರೆ ಅದರೊಳಗೆ ಉತ್ತರ ಆಗಲೇ ಅಡಗಿ ಕೂತಿರುತ್ತದೆ. ನಮ್ಮ ಮೊದಲ ಪ್ರಶ್ನೆ ಹೀಗಿತ್ತು: ‘ರೈತರಿಗೆ ಹಾಲಿನ ಲೆಕ್ಕವನ್ನು ಗ್ರಾಫಿನಲ್ಲಿ ತೋರಿಸುವುದು ಹೇಗೆ?’ ಗ್ರಾಫ್ ಬೇಕು ಅಂತ ಯಾರೂ ಕೇಳಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಡೇರಿ ಮುಂದೆ ಹೋಗಿ ನಿಂತಾಗ ಕಂಡದ್ದೇ ಬೇರೆ. ಕ್ಯಾನ್ ಸುರಿದು ಚೀಟಿ ತಗೊಂಡವರು ಲೀಟರ್ ನೋಡುತ್ತಲೇ ಇರಲಿಲ್ಲ, ಅದು ಮನೆಯಲ್ಲೇ ಅಳೆದದ್ದು. ನೋಡುತ್ತಿದ್ದದ್ದು ಫ್ಯಾಟ್. ಪಕ್ಕದವರ ಚೀಟಿ ಇಸ್ಕೊಂಡು ಹೋಲಿಸುತ್ತಿದ್ದರು. ‘ನಿನ್ನೆ 4.1 ಇತ್ತು, ಇವತ್ತು 3.6 ಯಾಕೆ?’ ಕಾರಣ ನೂರೆಂಟು ಇರಬಹುದು: ಮೇವು ಬದಲಾಗಿರಬಹುದು, ಕೊನೆಯ ಹಾಲು ಕೆಚ್ಚಲಲ್ಲೇ ಉಳಿದಿರಬಹುದು (ಫ್ಯಾಟ್ ಹೆಚ್ಚಿರುವುದೇ ಅದರಲ್ಲಿ), ಸ್ಯಾಂಪಲ್ ತೆಗೆಯುವ ಮೊದಲು ಹಾಲು ಸರಿಯಾಗಿ ಕಲಕಿರಲಿಕ್ಕಿಲ್ಲ. ಬೆಳಗಿನ ಹಾಲಿಗಿಂತ ಸಂಜೆ ಹಾಲಿನಲ್ಲಿ ಸಾಮಾನ್ಯವಾಗಿ ಫ್ಯಾಟ್ ಜಾಸ್ತಿ, ಎರಡನ್ನೂ ಹೋಲಿಸಿ ಬೇಜಾರು ಮಾಡಿಕೊಳ್ಳುವವರೂ ಇದ್ದರು. ಪ್ರಶ್ನೆ ಬದಲಾಯಿತು: ‘ಇವತ್ತಿನ ಫ್ಯಾಟ್ ಯಾಕೆ ಇಷ್ಟು ಅನ್ನುವುದು ಹಾಲು ಹಾಕಿದವರಿಗೆ ಮನೆ ತಲುಪುವ ಮೊದಲು ತಿಳಿಯುವಂತೆ ಹೇಗೆ ಮಾಡಬಹುದು?’

ಪ್ರಶ್ನೆ ಸರಿಯಾಗಿದೆಯೇ ಎಂದು ನೋಡಲು ಎರಡು ಪರೀಕ್ಷೆ. ಅದರೊಳಗೆ ಯಾವುದಾದರೂ ಫೀಚರಿನ ಹೆಸರು ಇದೆಯೇ (ಗ್ರಾಫ್, ಚಾಟ್‌ಬಾಟ್, ನೋಟಿಫಿಕೇಶನ್)? ಇದ್ದರೆ ಹೊಡೆದುಹಾಕಿ. ಒಂದು ನಿಮಿಷದಲ್ಲಿ ಒಂದಕ್ಕೊಂದು ಹೋಲದ ನಾಲ್ಕು ಉತ್ತರ ಹೊಳೆಯುತ್ತವೆಯೇ? ಒಂದೇ ಹೊಳೆದರೆ ಪ್ರಶ್ನೆ ತೀರ ಕಿರಿದು. ಏನೂ ಹೊಳೆಯದಿದ್ದರೆ ತೀರ ಅಗಲ. ‘ರೈತರ ಬದುಕು ಹಸನು ಮಾಡುವುದು ಹೇಗೆ’ ಎಂಬ ಜಾತಿಯದು, ಭಾಷಣಕ್ಕೆ ಆಗುತ್ತದೆ, ಆ್ಯಪಿಗೆ ಆಗುವುದಿಲ್ಲ.

ಹಂತ 2: ಮೊದಲು ಒಬ್ಬೊಬ್ಬರೇ, ಬಾಯಿ ಮುಚ್ಚಿಕೊಂಡು

ಎಲ್ಲರೂ ಕೂತು ಜೋರಾಗಿ ಐಡಿಯಾ ಹೇಳುವುದರಿಂದ ಶುರು ಮಾಡಬೇಡಿ. ಒಂದು ಹೊತ್ತಿಗೆ ಒಬ್ಬರೇ ಮಾತಾಡಲು ಸಾಧ್ಯ, ಉಳಿದವರು ತಮ್ಮ ಸರದಿ ಕಾಯುತ್ತಾ ತಮ್ಮ ಐಡಿಯಾ ಮರೆಯುತ್ತಾರೆ. ಒಂಟಿಯಾಗಿ ಯೋಚಿಸಿ ಆಮೇಲೆ ಒಟ್ಟು ಹಾಕಿದರೆ ಹೆಚ್ಚು ಐಡಿಯಾ ಬರುತ್ತವೆ ಎಂದು ಯೇಲ್ ವಿಶ್ವವಿದ್ಯಾಲಯದವರು 1958ರಲ್ಲೇ ತೋರಿಸಿದ್ದಾರೆ. ಆದರೂ ನಾವು ಇನ್ನೂ ಕೂಗಾಡುತ್ತೇವೆ, ಯಾಕೆಂದರೆ ಕೂಗಾಟದಲ್ಲಿ ಕೆಲಸ ಆದ ಹಾಗೆ ಅನ್ನಿಸುತ್ತದೆ.

ಮಾಡುವುದು ಹೀಗೆ. ಎ4 ಹಾಳೆಯನ್ನು ಮೂರು ಸಲ ಮಡಚಿ ಬಿಡಿಸಿ, ಎಂಟು ಮನೆ ಸಿಗುತ್ತದೆ. ಎಂಟು ನಿಮಿಷ, ನಿಮಿಷಕ್ಕೊಂದು ಮನೆ, ಮನೆಗೊಂದು ಐಡಿಯಾ. ಇದನ್ನು ‘ಕ್ರೇಜಿ ಎಯ್ಟ್ಸ್’ ಅನ್ನುತ್ತಾರೆ. ಮೊದಲ ಮೂರು ಮನೆ ತುಂಬುವುದು ನಿಮಗೆ ಮೊದಲೇ ಗೊತ್ತಿದ್ದ ಉತ್ತರದಿಂದ. ನಾಲ್ಕು ಐದರಲ್ಲಿ ಕೈ ನಿಲ್ಲುತ್ತದೆ. ಆ ನಿಂತ ಜಾಗವೇ ಮುಖ್ಯ, ಅಲ್ಲಿಂದ ಮುಂದೆ ಬರುವುದು ಪೆದ್ದಾಗಿರುತ್ತದೆ, ಇಲ್ಲವೇ ಹೊಸದಾಗಿರುತ್ತದೆ. ಟೈಮರ್ ನಿಲ್ಲಿಸಿ ‘ಇನ್ನೆರಡು ನಿಮಿಷ ಕೊಡೋಣ’ ಅಂದರೆ ಆ ಒತ್ತಡ ಹೋಗುತ್ತದೆ.

ಇದಾದ ಮೇಲೆ ‘6-3-5’. ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷಕ್ಕೊಮ್ಮೆ ಹಾಳೆ ಬಲಗಡೆಯವರಿಗೆ. ಅವರು ಅದನ್ನು ಓದಿ ಬೆಳೆಸಬೇಕು, ಇಲ್ಲವೇ ಪಕ್ಕಕ್ಕೆ ಹೊಸದು ಬರೆಯಬೇಕು. ಆರು ಸುತ್ತು, ಅರ್ಧ ಗಂಟೆ, 108 ಬರಹ. ನಾಲ್ಕೇ ಜನ ಇದ್ದರೆ ಇಪ್ಪತ್ತು ನಿಮಿಷಕ್ಕೆ 48, ಅದೂ ಧಾರಾಳವಾಯಿತು. ಸಭೆಯಲ್ಲಿ ಬಾಯಿ ಬಿಡದ ಹುಡುಗಿಯ ಐಡಿಯಾ ಮೊದಲ ಸಲ ಹಾಳೆ ಮೇಲೆ ಕಾಣುವುದು ಇಲ್ಲೇ.

ಐಡಿಯಾ ಕೊಡುವ ಎಐ ಚಾಟ್‌ಬಾಟ್ ಬಳಸುವುದಿದ್ದರೆ ಈ ಹಂತ ಮುಗಿದ ಮೇಲೆ ಬಳಸಿ. ಮೊದಲೇ ಕೇಳಿದರೆ ಆರೂ ಜನರ ಹಾಳೆಯಲ್ಲಿ ಒಂದೇ ಪಟ್ಟಿ ಇರುತ್ತದೆ, ಅಕ್ಷರ ಮಾತ್ರ ಬೇರೆ ಬೇರೆ.

ಹಂತ 3: ಗಾಡಿ ನಿಂತರೆ ಪ್ರಶ್ನೆಯನ್ನು ಉಲ್ಟಾ ಮಾಡಿ

ಎಲ್ಲರ ಹಾಳೆಯೂ ಒಂದೇ ಥರ ಕಾಣುತ್ತಿದ್ದರೆ ಮಾತ್ರ ಈ ಹಂತ. ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗಿ.

‘ಹಾಲು ಹಾಕುವವರು ಈ ಆ್ಯಪನ್ನು ಒಂದು ದಿನವೂ ನಂಬದಂತೆ ಮಾಡುವುದು ಹೇಗೆ?’ ಎಂದು ಕೇಳಿಕೊಂಡೆವು. ಕೆಟ್ಟದ್ದನ್ನು ಹೇಳಲು ಯಾರಿಗೂ ಸಂಕೋಚ ಇಲ್ಲ, ಹತ್ತು ನಿಮಿಷದಲ್ಲಿ ಹಾಳೆ ತುಂಬಿತು. ಚೀಟಿಯಲ್ಲಿ ಒಂದು ಅಂಕಿ, ಆ್ಯಪಿನಲ್ಲಿ ಇನ್ನೊಂದು. ಫ್ಯಾಟ್ ಅನ್ನುವ ಬದಲು ‘ಕೊಬ್ಬಿನಾಂಶ’. ಲೆಕ್ಕ ಮರುದಿನ ತೋರಿಸುವುದು. ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಬರುತ್ತದಲ್ಲ, ಅದನ್ನೂ ಬಟವಾಡೆಗೆ ಸೇರಿಸಿ ತೋರಿಸಿ, ಕೈಗೆ ಕಡಿಮೆ ಬಂದಾಗ ಜಗಳ ಹಚ್ಚುವುದು.

ಆಮೇಲೆ ಒಂದೊಂದನ್ನೂ ತಿರುಗಿಸಿ. ನಮಗೆ ಗಾಬರಿಯಾದದ್ದು, ಆ ಪಟ್ಟಿಯಲ್ಲಿ ಮೂರನ್ನು ನಮ್ಮ ಆಗಿನ ವಿನ್ಯಾಸವೇ ಮಾಡುತ್ತಿತ್ತು. ಹಾಗಾಗುವುದು ಒಳ್ಳೆಯ ಲಕ್ಷಣ. ಪಟ್ಟಿ ಓದಿ ಎಲ್ಲರೂ ಬರೀ ನಕ್ಕು ಎದ್ದುಹೋದರೆ ತಿರುಗಿಸುವ ಕೆಲಸ ಮಾಡಿಲ್ಲ ಎಂದರ್ಥ.

ಹಂತ 4: ಆರಿಸುವಾಗ ಎರಡು ಎಚ್ಚರ

ಐಡಿಯಾ ಹುಟ್ಟಿಸುವುದನ್ನೂ ಅಳೆಯುವುದನ್ನೂ ಒಂದೇ ಹೊತ್ತಿನಲ್ಲಿ ಮಾಡಬಾರದು. ನಡುವೆ ಕನಿಷ್ಠ ಒಂದು ಕಾಫಿ ಇರಲಿ. ಆಮೇಲೆ ಹಾಳೆಗಳನ್ನು ಗೋಡೆಗೆ ಅಂಟಿಸಿ, ಮೆಚ್ಚಿದ ಐಡಿಯಾಗಳ ಮೇಲೆ ತಲಾ ಮೂರು ಚುಕ್ಕಿ, ಮಾತಿಲ್ಲದೆ. ತಂಡದ ಹಿರಿಯರು ಕೊನೆಗೆ ಹಾಕಬೇಕು. ಅವರು ಮೊದಲು ಹಾಕಿದರೆ ಉಳಿದ ಚುಕ್ಕಿಗಳೆಲ್ಲ ಅಲ್ಲೇ ಬಂದು ಬೀಳುತ್ತವೆ.

ಎರಡನೆಯದು: ಹೆಚ್ಚು ಚುಕ್ಕಿ ಬಿದ್ದ ಒಂದನ್ನೇ ಎತ್ತಿಕೊಳ್ಳಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡನ್ನು ಆರಿಸಿ. ಪ್ರತಿಯೊಂದರ ಕೆಳಗೂ ‘ಇದು ನಡೆಯಬೇಕಾದರೆ ಯಾವ ಮಾತು ನಿಜವಾಗಿರಬೇಕು?’ ಎಂದು ಬರೆಯಿರಿ. ಗ್ರಾಫಿನ ಪರದೆಯ ಕೆಳಗೆ ನಾವು ಬರೆದದ್ದು: ‘ಗೆರೆ ಮೇಲೆ ಹೋದರೆ ಜಾಸ್ತಿ ಎಂದು ಓದುವವರಿಗೆ ಗೊತ್ತಿರಬೇಕು.’ ಪರೀಕ್ಷೆ ಮಾಡಬೇಕಾದದ್ದು ಈ ವಾಕ್ಯವನ್ನು, ಪರದೆಯ ಅಂದವನ್ನಲ್ಲ.

ಹಂತ 5: ಒಂದು ದಿನದೊಳಗೆ ಮಾದರಿ

ಕಾಗದದ ಮೇಲೆ ಬರೆದು, ಫೋನಿನಲ್ಲಿ ಫೋಟೋ ತೆಗೆದು, ಅದನ್ನೇ ತೋರಿಸಿದರೂ ಆಯಿತು. ಕೋಡ್ ಬೇಡ. ಹಿಂದೆ ಯಂತ್ರ ಇದೆ ಎಂಬಂತೆ ತೋರಿಸಿ, ಕೆಲಸವನ್ನು ಮನುಷ್ಯರೇ ಮಾಡುವ ಉಪಾಯವೂ ಇದೆ. ನಮ್ಮ ಎರಡನೇ ಐಡಿಯಾಗೆ ಅದನ್ನೇ ಮಾಡಿದೆವು. ಐದು ಮನೆಯವರಿಗೆ ಒಂದು ವಾರ, ದಿನಾ ಬೆಳಿಗ್ಗೆ ಏಳಕ್ಕೆ, ಅವರವರ ಹಾಲಿನ ಲೆಕ್ಕವನ್ನು ನಾನೇ ಕೈಯಲ್ಲಿ ಟೈಪ್ ಮಾಡಿ ವಾಟ್ಸಾಪ್ ಕಳಿಸಿದೆ. ಒಂದು ದಿನ ನಿದ್ದೆ ಬಂದು ಎಂಟೂವರೆಗೆ ಕಳಿಸಿದಾಗ ಇಬ್ಬರು ಫೋನ್ ಮಾಡಿ ಕೇಳಿದರು. ಬೇಡಿಕೆ ಇದೆ ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಪರದೆ ಮಾಡುವುದಿದ್ದರೆ ಒಳಗೆ ನಿಜವಾದ ಕನ್ನಡ ಹಾಕಿ. ಇಂಗ್ಲಿಷಿನಲ್ಲಿ ವಿನ್ಯಾಸ ಮುಗಿಸಿ ಕೊನೆಗೆ ಅನುವಾದ ಮಾಡಿಸುವವರೇ ಹೆಚ್ಚು, ಕನ್ನಡದ ಪರದೆಗಳು ಹಾಳಾಗುವುದೂ ಅಲ್ಲೇ. ಇಂಗ್ಲಿಷಿಗೆ ಕೂಡಿಸಿದ ಸಾಲಿನ ಅಂತರದಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ‘ಲೆಕ್ಕ’ ‘ಲೆಕ’ ಆಗಿ ಕಾಣುತ್ತದೆ. ಬಟನ್ನಿನೊಳಗೆ ಪದ ಹಿಡಿಸದೆ ಮೂರು ಚುಕ್ಕಿ ಬರುತ್ತದೆ. ಪದ ಆರಿಸುವಾಗ ಡೇರಿ ಮುಂದೆ ಕೇಳಿದ್ದನ್ನೇ ಬರೆಯಿರಿ: ಪಾವತಿ ಅಲ್ಲ, ಬಟವಾಡೆ, ರಸೀದಿ ಅಲ್ಲ, ಚೀಟಿ. ಒತ್ತುವ ಜಾಗ 48 ಡಿಪಿಗಿಂತ (ಡಿಪಿ ಅಂದರೆ ಆಂಡ್ರಾಯ್ಡ್ ಪರದೆಯಲ್ಲಿ ಬಳಸುವ ಅಳತೆಯ ಮಾನ) ಚಿಕ್ಕದಿರಬಾರದು. ಇದು ಆಂಡ್ರಾಯ್ಡಿನವರೇ ಹೇಳುವ ಅಳತೆ, ಸೆಗಣಿ ಬಳಿದು ಒರಟಾದ ಬೆರಳಿಗೆ ಅದೂ ಬಿಗಿಯೇ.

ಎಚ್ಚರಿಕೆಯ ಗಂಟೆ: ಮಾದರಿ ಮಾಡಲು ಎರಡು ದಿನ ದಾಟಿತೆಂದರೆ ನೀವು ಆ ಐಡಿಯಾವನ್ನು ಪ್ರೀತಿಸಲು ಶುರು ಮಾಡಿದ್ದೀರಿ.

ಹಂತ 6: ಐದು ಜನ, ಸುಮ್ಮನೆ ಕೂರುವ ಒಬ್ಬರು

ಒಂದು ಸುತ್ತಿಗೆ ಐದು ಜನ ಸಾಕು. ಹದಿನೈದು ಜನರನ್ನು ಒಟ್ಟಿಗೆ ಕೂರಿಸುವುದಕ್ಕಿಂತ ಐದೈದರಂತೆ ಮೂರು ಸುತ್ತು ಮಾಡಿ, ನಡುವೆ ವಿನ್ಯಾಸ ತಿದ್ದಿ ಎಂದು ಬಳಕೆ ಸುಲಭವಾಗಿದೆಯೇ ಎಂದು ಪರೀಕ್ಷಿಸುವುದರಲ್ಲಿ ಹೆಸರಾದ ಯಾಕೋಬ್ ನೀಲ್ಸನ್ 2000ದಲ್ಲಿ ಹೇಳಿದ ಲೆಕ್ಕ ಸಣ್ಣ ತಂಡಗಳಿಗೆ ಇವತ್ತಿಗೂ ಒಪ್ಪುತ್ತದೆ. ಆ ಐದು ಜನ ನಿಮ್ಮ ಆಫೀಸಿನವರಾಗಿರಬಾರದು, ನಿಮ್ಮ ಅತ್ತೆ ಮಕ್ಕಳೂ ಬೇಡ.

‘ಇದು ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗೈತೆ ಸಾ’ ಎಂಬ ಉತ್ತರ ಬರುತ್ತದೆ. ಮನೆಗೆ ಬಂದವರಿಗೆ ನಮ್ಮವರು ಬೇರೇನು ಹೇಳುತ್ತಾರೆ? ಕೆಲಸ ಕೊಡಿ: ‘ಅಮ್ಮ, ಇವತ್ತು ಬೆಳಿಗ್ಗೆ ಫ್ಯಾಟ್ ಎಷ್ಟು ಬಂತು ಅಂತ ಇದರಲ್ಲಿ ನೋಡಿ ಹೇಳ್ತೀರಾ?’ ಕೊಟ್ಟ ಮೇಲೆ ಕೈ ಕಟ್ಟಿ ಕೂರಿ. ಅವರು ತಪ್ಪು ಕಡೆ ಒತ್ತಿದಾಗ ಬೆರಳು ತೋರಿಸಬೇಕೆಂದು ಮೈ ಪರಚುತ್ತದೆ. ತೋರಿಸಬೇಡಿ. ಇಪ್ಪತ್ತರ ತನಕ ಮನಸ್ಸಿನಲ್ಲೇ ಎಣಿಸಿ.

ಮೊದಲ ಸುತ್ತಿನಲ್ಲಿ ಐವತ್ತರ ಆಸುಪಾಸಿನ ಒಬ್ಬರು ನಮ್ಮ ಗ್ರಾಫನ್ನು ಬಹಳ ಹೊತ್ತು ನೋಡಿದರು. ಫೋನನ್ನು ಸ್ವಲ್ಪ ದೂರ ಹಿಡಿದರು, ಹತ್ತಿರ ತಂದರು.

‘ಇದ್ಯಾಕಪ್ಪ ಗುಡ್ಡ ಬರ್ದಿದ್ದೀರಿ?’

ನಾನು ಸುಮ್ಮನಿದ್ದೆ. ಅವರು ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿದ್ದ ಬೆಳಗಿನ ಚೀಟಿ ತೆಗೆದು ಫೋನಿನ ಮೇಲೇ ಇಟ್ಟರು. ‘ಇಲ್ನೋಡು, ಇದ್ರಲ್ಲಿ ಎಲ್ಲಾ ಐತಲ್ಲ.’

ಬರೆದುಕೊಳ್ಳಬೇಕಾದದ್ದು ಇದನ್ನೇ, ಅವರ ಮಾತಿನಲ್ಲೇ, ಅವರ ಕೈ ಏನು ಮಾಡಿತು ಅನ್ನುವುದರ ಸಮೇತ. ‘ಬಳಕೆದಾರರಿಗೆ ಗ್ರಾಫ್ ಅರ್ಥವಾಗಲಿಲ್ಲ’ ಎಂದು ಬರೆದಿದ್ದರೆ ಮುಂದಿನ ಸುತ್ತಿಗೆ ಏನೂ ಉಳಿಯುತ್ತಿರಲಿಲ್ಲ.

ಹಂತ 7: ಮುರಿದದ್ದು ಯಾವ ಜಾತಿಯದು ನೋಡಿ, ತಂತ್ರ ಆರಿಸಿ

ಹೆಚ್ಚಿನ ತಂಡಗಳು ಕೈಬಿಡುವ ಹಂತ ಇದೇ. ಪರೀಕ್ಷೆಯ ಟಿಪ್ಪಣಿಯಿಂದ ನೇರ ‘ಮಾಡಬೇಕಾದ ಕೆಲಸಗಳ ಪಟ್ಟಿ’ಗೆ ಹಾರಿಬಿಡುತ್ತಾರೆ. ನಡುವೆ ಅರ್ಧ ಗಂಟೆ ಕೂತು ಕೇಳಿಕೊಳ್ಳಿ.

ಜನರಿಗೆ ಬೇಕಾದದ್ದು ಪರದೆಯಲ್ಲಿದ್ದು, ಸಿಗಲಿಲ್ಲವೇ? ಅದು ತಿದ್ದುವ ಕೆಲಸ, ಜಾಗ ಬದಲಿಸಿ, ಪದ ಬದಲಿಸಿ, ಮುಗಿಯಿತು. ಇದಕ್ಕೆ ಯಾವ ತಂತ್ರವೂ ಬೇಡ. ಸಿಕ್ಕಿತು, ಆದರೆ ಆ ರೂಪ ಒಗ್ಗಲಿಲ್ಲವೇ? ಆಗ ಇರುವುದನ್ನೇ ಕಲಸುವ ‘ಸ್ಕ್ಯಾಂಪರ್’. ಸಿಕ್ಕಿತು, ಅರ್ಥವಾಯಿತು, ಆದರೆ ಬೇಡವಾಯಿತೇ? ಆಗ ಪ್ರಶ್ನೆಯೇ ತಪ್ಪು, ಒಂದನೇ ಹಂತಕ್ಕೆ ವಾಪಸ್.

ಸ್ಕ್ಯಾಂಪರ್ ಅಂದರೆ ಏಳು ಪ್ರಶ್ನೆಗಳು. ಕೈಯಲ್ಲಿ ಈಗಾಗಲೇ ಒಂದು ವಸ್ತು ಇರಬೇಕು, ಹಾಗಾಗಿ ಎರಡನೇ ಸುತ್ತಿಗಿಂತ ಮೊದಲು ಅದನ್ನು ಮುಟ್ಟಬೇಡಿ. ನಮ್ಮ ಗುಡ್ಡದ ಪರದೆಯನ್ನು ಮುಂದಿಟ್ಟುಕೊಂಡು ಒಂದೊಂದಕ್ಕೆ ನಾಲ್ಕು ನಿಮಿಷದಂತೆ ಕೇಳಿಕೊಂಡೆವು. ಗ್ರಾಫಿನ ಬದಲು ಏನಿಡಬಹುದು? ನಿನ್ನೆಯದನ್ನೂ ಇವತ್ತಿನದನ್ನೂ ಜೋಡಿಸಿದರೆ? ಬೇರೆ ಎಲ್ಲಿಂದಾದರೂ ರೂಪ ಎರವಲು ತರಬಹುದೇ? ಒಂದೇ ಅಂಕಿಯನ್ನು ಪರದೆ ತುಂಬ ದೊಡ್ಡದು ಮಾಡಿದರೆ? ಇದೇ ಪರದೆ ಸಾಲ ಕೇಳಲು ಹೋದಾಗ ಲೆಕ್ಕ ತೋರಿಸಲು ಆಗುತ್ತದೆಯೇ? ಏನನ್ನು ತೆಗೆದರೂ ನಡೆಯುತ್ತದೆ? ದುಡ್ಡು ಮೊದಲು, ಲೀಟರ್ ಕೊನೆಗೆ ಎಂದು ಹಿಂದುಮುಂದು ಮಾಡಿದರೆ?

ಏಳರಲ್ಲಿ ನಾಲ್ಕು ಎಲ್ಲಿಗೂ ಹೋಗಲಿಲ್ಲ. ಹೋಗಬೇಕೆಂದೂ ಇಲ್ಲ. ‘ಎರವಲು’ ಕೆಲಸ ಮಾಡಿತು: ಪರದೆಯನ್ನು ಥೇಟ್ ಚೀಟಿಯ ಹಾಗೆ ಮಾಡಿದೆವು, ಅದೇ ಸಾಲು, ಅದೇ ಕ್ರಮ. ‘ಜೋಡಿಸು’ವಿನಿಂದ ನಿನ್ನೆ ಅದೇ ಹೊತ್ತಿನ ಫ್ಯಾಟ್ ಪಕ್ಕಕ್ಕೆ ಬಂತು, ಬೆಳಗಿಗೆ ಬೆಳಗು, ಸಂಜೆಗೆ ಸಂಜೆ. ಎರಡನೇ ಸುತ್ತಿನಲ್ಲಿ ಐದರಲ್ಲಿ ನಾಲ್ಕು ಜನ ಬೆರಳಿಟ್ಟು ಓದಿದರು.

ಐದನೆಯವರು ಒಳಗೇ ಹೋಗಲಿಲ್ಲ. ಓಟಿಪಿ ಬರಲಿಲ್ಲ. ಸಂಘದಲ್ಲಿ ಕೊಟ್ಟಿದ್ದ ನಂಬರ್ ಮಗನದು, ಮಗ ಪೀಣ್ಯದಲ್ಲಿ ಕೆಲಸಕ್ಕಿದ್ದ. ಕೇಳಿ ನೋಡಿದರೆ ಉಳಿದ ನಾಲ್ವರಲ್ಲೂ ಇಬ್ಬರ ಮನೆಯಲ್ಲಿ ಅದೇ ಕಥೆ, ಪರೀಕ್ಷೆಗೆಂದು ನಮ್ಮ ಫೋನ್ ಕೊಟ್ಟಿದ್ದರಿಂದ ಮುಚ್ಚಿಹೋಗಿತ್ತು. ಪರೀಕ್ಷೆಯನ್ನು ಅವರವರ ಫೋನಿನಲ್ಲೇ ಮಾಡಿಸಿ ಎಂದು ಆರನೇ ಹಂತದಲ್ಲೇ ಬರೆಯಬೇಕಿತ್ತು. ಬೇಕೆಂದೇ ಇಲ್ಲಿ ಬರೆದೆ, ನಾವು ಕಲಿತದ್ದೂ ಇಷ್ಟು ತಡವಾಗಿ.

ಇದು ಪ್ರಶ್ನೆಯೇ ತಪ್ಪಾದ ಮೂರನೇ ಜಾತಿಯ ಒಡಕು. ಓಟಿಪಿ ಪರದೆಯನ್ನು ಎಷ್ಟು ಚೆಂದ ಮಾಡಿದರೂ ಸರಿಹೋಗುವಂಥದ್ದಲ್ಲ. ಪ್ರಶ್ನೆ ಮತ್ತೆ ಬದಲಾಯಿತು: ‘ಸ್ಮಾರ್ಟ್‌ಫೋನ್ ಮಗನ ಹತ್ತಿರ, ಹಾಲು ತಾಯಿ ಹತ್ತಿರ ಇರುವಾಗ ಇಬ್ಬರಿಗೂ ಲೆಕ್ಕ ಒಂದೇ ಹೊತ್ತಿಗೆ ಸಿಗುವಂತೆ ಹೇಗೆ ಮಾಡಬಹುದು?’

ದಾರಿ ತಪ್ಪಿದ್ದೀರಿ ಎಂದು ಹೇಳುವ ಗುರುತುಗಳು

ಮೊದಲ ಮತ್ತು ಮೂರನೇ ಸುತ್ತಿನ ಪರದೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊರಗಿನವರಿಗೆ ವ್ಯತ್ಯಾಸ ಕಾಣದಿದ್ದರೆ ನೀವು ಯೋಚಿಸುತ್ತಿಲ್ಲ, ಬಣ್ಣ ಬಳಿಯುತ್ತಿದ್ದೀರಿ. ಯಾವ ಸುತ್ತಿನಲ್ಲೂ ಒಂದು ಐಡಿಯಾ ಸತ್ತಿಲ್ಲವೆಂದರೆ ಪರೀಕ್ಷೆ ಮೆತ್ತಗಿತ್ತು. ‘ಇದನ್ನು ಹೋದ ಸಲವೇ ಚರ್ಚೆ ಮಾಡಿದ್ವಲ್ಲ’ ಎಂಬ ಮಾತು ಎರಡು ಸಲ ಬಂತೆಂದರೆ ಯಾರೂ ಬರೆದಿಟ್ಟಿಲ್ಲ. ಸಭೆಯಲ್ಲಿ ‘ನನಗೆ ಅನ್ನಿಸೋದು’ ಜಾಸ್ತಿಯಾಗಿ ‘ಅವರು ಮಾಡಿದ್ದು’ ಕಡಿಮೆಯಾದರೆ ಸಭೆ ನಿಲ್ಲಿಸಿ ಬಸ್ ಹತ್ತಿ.

ಹಂತ 8: ವಾರಕ್ಕೊಂದು ಸುತ್ತು, ಹಾಳೆ ಡಬ್ಬಕ್ಕೆ

ಸೋಮವಾರ ಪ್ರಶ್ನೆ, ಮಂಗಳವಾರ ಎರಡರಿಂದ ನಾಲ್ಕನೇ ಹಂತ, ಬುಧವಾರ ಮಾದರಿ, ಗುರುವಾರ ಪರೀಕ್ಷೆ, ಶುಕ್ರವಾರ ಏಳನೇ ಹಂತ. ಕೋಡ್ ಬರೆಯುವವರು ಒಂದು ಸುತ್ತು ಹಿಂದೆ ಬರಲಿ. ಸತತ ಎರಡು ಸುತ್ತುಗಳಲ್ಲಿ ಬರೀ ತಿದ್ದುವ ಜಾತಿಯ ತಪ್ಪುಗಳೇ ಸಿಕ್ಕರೆ ಆಗ ನಿಲ್ಲಿಸಿ ಬಿಡುಗಡೆಗೆ ಹೋಗಬಹುದು.

ಬಿಟ್ಟ ಐಡಿಯಾಗಳ ಹಾಳೆ ಎಸೆಯಬೇಡಿ. ಹಿಂಭಾಗದಲ್ಲಿ ತಾರೀಕು, ಆವತ್ತಿನ ಪ್ರಶ್ನೆ, ಬಿಟ್ಟ ಕಾರಣ ಬರೆದು ಡಬ್ಬಕ್ಕೆ ಹಾಕಿ. ಹೊಸ ಪ್ರಶ್ನೆ ಹುಟ್ಟಿದಾಗ ಮೊದಲು ಡಬ್ಬ ತೆರೆಯಿರಿ, ಆಮೇಲೆ ಹೊಸ ಹಾಳೆ.

ತಾಯಿ-ಮಗನ ಪ್ರಶ್ನೆ ಹಿಡಿದುಕೊಂಡು ನಾವು ತೆರೆದಾಗ ಮೊದಲ ವಾರದ ಒಂದು ಹಾಳೆ ಸಿಕ್ಕಿತು. ಏಳನೇ ಮನೆಯಲ್ಲಿ ಗುಂಡಿ ಒತ್ತುವ ಫೋನಿನ ಚಿತ್ರ, ಕೆಳಗೆ ‘ಆ್ಯಪೇ ಬೇಡ, ಮೆಸೇಜ್ ಸಾಕು’. ಹಿಂದೆ ಬಿಟ್ಟ ಕಾರಣ: ‘ನಗು ಬಂತು.’ ಆ ವಾರದ ಮಾದರಿ ಅದೇ ಆಯಿತು. ಮಗನಿಗೆ ಆ್ಯಪ್, ತಾಯಿಗೆ ಎಸ್ಸೆಮ್ಮೆಸ್. ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 70 ಅಕ್ಷರ ಮಾತ್ರ ಹಿಡಿಸುತ್ತದೆ, ಅದರಲ್ಲೂ ಸ್ವರದ ಗುರುತು, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆ. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಫ್ಯಾಟ್’ ಲೆಕ್ಕಕ್ಕೆ ಆರು. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದದ್ದು ಇಷ್ಟು:

20/6 ಬೆ: 6.4ಲೀ ಫ್ಯಾಟ್ 3.8 ಎಸ್ಎನ್ಎಫ್ 8.4 ರೂ 224

ಎಣಿಸಿದರೆ 46. ನಿನ್ನೆಯ ಫ್ಯಾಟಿಗೂ ಜಾಗ ಮಿಕ್ಕಿತು. ಇಂಥ ಮೆಸೇಜಿನ ಸಾಲನ್ನು ಕಳಿಸುವ ಮೊದಲೇ ಟೆಲಿಕಾಂ ಕಂಪನಿಗಳಲ್ಲಿ ನೋಂದಾಯಿಸಬೇಕು, ಆಮೇಲೆ ಪದ ಬದಲಿಸಿದರೆ ಮತ್ತೆ ಮೊದಲಿಂದ ಒಪ್ಪಿಗೆ. ಹಾಗಾಗಿ ಐದು ಜನರ ಪರೀಕ್ಷೆಯನ್ನು ನೋಂದಣಿಗಿಂತ ಮುಂಚೆ, ಸ್ವಂತ ಫೋನಿನಿಂದ ಕೈಯಲ್ಲಿ ಕಳಿಸಿಯೇ ಮುಗಿಸಿಕೊಳ್ಳಿ. ಗುಂಡಿ ಫೋನುಗಳಲ್ಲಿ ಕೆಲವು ಕನ್ನಡವನ್ನು ಬರೀ ಚೌಕಗಳಾಗಿ ತೋರಿಸುತ್ತವೆ. ಅದನ್ನೂ ಆವತ್ತೇ ನೋಡಿಬಿಡಿ.